ಫೋನಿನ ಅಡುಗೆ, ಎರಿ ಹೊಲದ ಬುತ್ತಿ

ಹಿಂಗಾರಿ ಕಡಲೆ ಗೇಣುದ್ದ ಬೆಳೆಯುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಸೀಮೆಯ ಎರಿ ಹೊಲಗಳಲ್ಲಿ ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಕುಡಿ ಚಿವುಟಲು ಇಳಿಯುತ್ತಾರೆ. ಕುಡಿ ಚಿವುಟಿದರೆ ಗಿಡ ಕವಲೊಡೆದು ಹರಡುತ್ತದೆ, ಕಾಯಿ ಹೆಚ್ಚು ಕಟ್ಟುತ್ತದೆ. ಉಡಿಗೆ ಬಿದ್ದ ತಪ್ಪಲು ಅಡುಗೆಮನೆಗೆ ಬರುತ್ತದೆ. ಎಲೆಯ ಮೇಲೆ ಸಹಜವಾಗಿಯೇ ಹುಳಿ ಇರುವುದರಿಂದ ಪಲ್ಲೆಗೆ ಹುಣಸೆಹಣ್ಣಿನ ಗೊಡವೆ ಕಡಿಮೆ. ಅಂದಿನದನ್ನು ಅಂದೇ ಉಂಡು, ಮಿಕ್ಕಿದ್ದನ್ನು ಒಣಗಿಸಿ ಡಬ್ಬಿಗೆ ತುಂಬಿದರೆ ಬೇಸಿಗೆಯಲ್ಲಿ ಕಾಯಿಪಲ್ಲೆ ತುಟ್ಟಿಯಾದಾಗ ನುಚ್ಚು ಹಾಕಿ ಕುದಿಸಲು ಸಿದ್ಧ.

ಇದೇ ಹೆಣ್ಣುಮಕ್ಕಳ ಕೈಯಲ್ಲಿ ಈಗ ಫೋನಿದೆ. ತೆರೆ ಸರಿಸಿದಂತೆಲ್ಲ ಆರೋಗ್ಯದ ಅಡುಗೆಗಳು: ಓಟ್ಸ್ ದೋಸೆ, ಚಿಯಾ ಬೀಜದ ಪುಡ್ಡಿಂಗ್, ಬ್ರಾಕೊಲಿ ಸೂಪ್, ಅವಕಾಡೊ ಹಚ್ಚಿದ ಬ್ರೆಡ್ಡು, ಗಾಜಿನ ಬಟ್ಟಲಲ್ಲಿ ಎಳೆಸೊಪ್ಪಿನ ಸಲಾಡ್. ನೋಡುವುದಕ್ಕೆ ಚೆಂದ. ಆದರೆ ಕುಂದಗೋಳದ ಸಂತೆಯಲ್ಲಿ ಬ್ರಾಕೊಲಿ ಹುಡುಕುತ್ತ ಹೋದರೆ ಖಾಲಿ ಚೀಲ ಹಿಡಿದು ಬರಬೇಕಾದೀತು. ಹಾಗಂತ ಫೋನನ್ನು ಮೂಲೆಗಿಡಿ ಎಂದು ಹೇಳಲು ನಾನು ಹೊರಟಿಲ್ಲ. ನಮ್ಮ ಹಳ್ಳಿಗಳ ಅಡುಗೆಮನೆಗೆ ಅದು ನಿಜಕ್ಕೂ ಉಪಕಾರಿ. ಹೊಸ ಸಾಮಾನಿನ ಆಸೆ ಬಿಟ್ಟು, ಮನೆಯಲ್ಲೇ ಇರುವ ಸಾಮಾನಿನ ಅಳತೆ, ಹದ, ಜೋಡಣೆಯನ್ನು ಅದರಿಂದ ಕಲಿಯಲು ಹೊರಟರೆ ಆ ಉಪಕಾರ ಕೈಗೆ ಹತ್ತುತ್ತದೆ.

ಹೊರಗಿನವರಿಂದ ಅಡುಗೆ ಕಲಿಯುವುದು ನಮ್ಮ ಕಡೆ ಹೊಸದೇನಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ರೇಡಿಯೊ ಇದ್ದ ಮನೆಗೆ ಓಣಿಯ ಹೆಣ್ಣುಮಕ್ಕಳು ಬಂದು ಕೂಡುತ್ತಿದ್ದರು. ಆಮೇಲೆ ವಾರಪತ್ರಿಕೆಗಳ ಅಡುಗೆ ಪುಟ ಬಂತು, ಟಿವಿ ಬಂತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲಿನ ಬದಲಾವಣೆ ಮಾತ್ರ ಬೇರೆ ಬಗೆಯದು. ಓದು ಬಾರದ ಅಜ್ಜಿಯೂ ಯೂಟ್ಯೂಬಿನ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಕೇಳಿದರೆ ಬೇಕಾದದ್ದು ತೆರೆಯ ಮೇಲೆ ಬರುತ್ತದೆ. ಉಡುಪಿ ಮೂಲದ ಹೆಬ್ಬಾರ್ಸ್ ಕಿಚನ್ ದೇಶದ ಮೂಲೆಮೂಲೆಗೂ ಮುಟ್ಟಿದೆ. ಕರಾವಳಿ ಕಡೆಯ ಭಟ್ ಎನ್ ಭಟ್ ಚಾನೆಲ್ಲಿನಲ್ಲಿ ಸುದರ್ಶನ ಭಟ್ಟರು ಮಾಡುವ ಅಡುಗೆಗೆ ನಮ್ಮ ಹಳ್ಳಿಗಳಲ್ಲೂ ನೋಡುಗರಿದ್ದಾರೆ. ಎರಡೂ ಒಳ್ಳೆಯವೇ, ಆದರೆ ಅಲ್ಲಿನ ಅಡುಗೆ ತೆಂಗಿನಕಾಯಿ, ಕುಚಲಕ್ಕಿಯ ನಾಡಿನದು. ನಮ್ಮ ಅಡುಗೆ ಜೋಳ, ಶೇಂಗಾ, ಕಾಳು, ತಪ್ಪಲಿನದು.

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ನಾವು ಯಾವುದನ್ನು ಹೆಚ್ಚು ಹೊತ್ತು ನೋಡುತ್ತೇವೋ ಅದರಂಥದ್ದನ್ನೇ ಫೋನು ಮತ್ತೆ ಮತ್ತೆ ತಂದು ಮುಂದಿಡುತ್ತದೆ. ‘ಹೆಲ್ದಿ ರೆಸಿಪಿ’ ಎಂದು ಕೇಳಿದರೆ ಮುಂಬೈ, ದಿಲ್ಲಿಯ ಅಡುಗೆಮನೆ ತೆರೆದುಕೊಳ್ಳುತ್ತದೆ. ‘ಮಡಕಿಕಾಳು ಪಲ್ಲೆ’, ‘ಪುಂಡಿಪಲ್ಲೆ’, ‘ಕಡಿಮೆ ಎಣ್ಣೆಯ ಬದನಿಕಾಯಿ ಎಣಗಾಯಿ’, ‘ಸಾವಿ ಅಕ್ಕಿ ಅನ್ನ’ ಎಂದು ನಮ್ಮ ಮಾತಿನಲ್ಲೇ ಕೇಳಿದರೆ ಗದಗ, ಬಾಗಲಕೋಟೆ, ವಿಜಯಪುರದ ಅಡುಗೆಮನೆಗಳು ಬರುತ್ತವೆ. ಅವರ ಒಲೆ ನಮ್ಮದರಂಥದ್ದೇ, ಸಂತೆಯ ಸಾಮಾನೂ ನಮ್ಮದೇ. ಒಂದು ವಾರ ಹೀಗೆ ಕೇಳಿ ನೋಡಿದರೆ ತೆರೆಯ ಮೇಲೆ ಬರುವುದೇ ಬದಲಾಗುತ್ತದೆ.

ಎಷ್ಟೋ ಮನೆಗಳಲ್ಲಿ ಈಗ ಇಂಥ ಮಾತು ನಡೆಯುತ್ತಿರುತ್ತದೆ. ಸೊಸೆ ಫೋನು ತೋರಿಸುತ್ತಾಳೆ: “ಅತ್ತಿ, ಇಲ್ಲಿ ನೋಡ್ರಿ, ಅಗಸಿ ತಿಂದ್ರ ಹೃದಯಕ್ಕ ಛಲೋ ಅಂತ.” ಅತ್ತೆಯ ಉತ್ತರ ಸಿದ್ಧ: “ಡಬ್ಬಿ ತಗದು ನೋಡವಾ, ಹಿಂಡಿ ಕುಟ್ಟಿ ಇಟ್ಟೇನಿ.” ಇಬ್ಬರೂ ಹೇಳುವುದು ಸರಿ. ಅಗಸಿಯಲ್ಲಿ ಒಮೆಗಾ-3 ಜಾತಿಯ ಕೊಬ್ಬು ಧಾರಾಳವಾಗಿದೆ, ನಾರೂ ಇದೆ. ಅತ್ತೆಯ ಹಿಂಡಿಯಲ್ಲಿ ಇನ್ನೂ ಒಂದು ಜಾಣತನ ಅಡಗಿದೆ. ಅಗಸಿಯ ಸಿಪ್ಪೆ ಗಟ್ಟಿ, ನುಣುಪು. ಇಡಿಯಾಗಿ ನುಂಗಿದ ಕಾಳು ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿದರೆ ಅದರ ಸತ್ವ ಮೈಗೆ ಹತ್ತುತ್ತದೆ. ಗುರೆಳ್ಳು, ಶೇಂಗಾ, ಅಗಸಿ ಮೂರನ್ನೂ ನಮ್ಮವರು ಹುರಿದು ಕುಟ್ಟಿಯೇ ತಿನ್ನುತ್ತ ಬಂದವರು. ಆದರೆ ಕುಟ್ಟಿದ ಅಗಸಿಯ ಎಣ್ಣೆ ಬೇಗ ಕಮಟುತ್ತದೆ. ಅದಕ್ಕೇ ತಿಂಗಳುಗಟ್ಟಲೆಗೆ ಮಾಡಿಡದೆ ವಾರ, ಹದಿನೈದು ದಿನಕ್ಕಾಗುವಷ್ಟು ಕುಟ್ಟಿಕೊಳ್ಳುವುದು ಮೇಲು.

ರೀಲ್ಸಿನ ದೊಡ್ಡ ಕೊರತೆ ಎಂದರೆ ಅದು ಒಂದೇ ಪದಾರ್ಥ ತೋರಿಸುತ್ತದೆ, ತಾಟು ತೋರಿಸುವುದಿಲ್ಲ. ಹೊಲಕ್ಕೆ ಹೋಗುವ ಬುತ್ತಿಯನ್ನು ಬಿಚ್ಚಿ ನೋಡಿ: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಹಸಿ ಉಳ್ಳಾಗಡ್ಡಿ, ಒಂದು ಮುಷ್ಟಿ ಹಕ್ಕರಕಿ ತಪ್ಪಲು, ಗುರೆಳ್ಳ ಹಿಂಡಿ, ಮೊಸರು. ಧಾನ್ಯ, ಬೇಳೆಕಾಳು, ಸೊಪ್ಪು, ಎಣ್ಣೆಬೀಜ, ಹಾಲಿನ ಪದಾರ್ಥ, ಒಂದೂ ಬಿಟ್ಟುಹೋಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾಗುವವರಿಗೆ ಅದು ಹೇಳುವ ಅಳತೆ ಸುಮಾರು ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಎಣ್ಣೆಬೀಜ 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಹಣ್ಣೊಂದನ್ನು ಬಿಟ್ಟರೆ ಬುತ್ತಿಯಲ್ಲಿ ಈ ಬಗೆಗಳೆಲ್ಲ ಮೊದಲೇ ಇದ್ದವು. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಇದಕ್ಕಿಂತ ಹೆಚ್ಚು ಬೇಕು, ಅದು ಬೇರೆ ಮಾತು.

ಹಾಗಂತ ನಮ್ಮ ಊಟದಲ್ಲಿ ಐಬಿಲ್ಲ ಎಂದಲ್ಲ. ಅನ್ನಭಾಗ್ಯದ ಅಕ್ಕಿ 2013ರಿಂದ ಮನೆಮನೆಗೆ ಬಂದು ಹಸಿವು ನೀಗಿದ್ದು ದೊಡ್ಡ ಕೆಲಸ. ಆದರೆ ಎರಡು ಹೊತ್ತು ರೊಟ್ಟಿ ಬಡಿಯುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ರಾತ್ರಿ ಅನ್ನ-ಸಾರಿಗೆ ಊಟ ಮುಗಿಯುತ್ತದೆ. ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಹತ್ತು ಗ್ರಾಮಿನಷ್ಟು ನಾರು, ಸುಮಾರು 4 ಮಿಲಿಗ್ರಾಂ ಕಬ್ಬಿಣ ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು ಮೂರು ಗ್ರಾಂ ತುಂಬುವುದಿಲ್ಲ, ಕಬ್ಬಿಣ ಒಂದು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಅರೆಮಲೆನಾಡಿನ ಕಲಘಟಗಿಯಲ್ಲಿ ಮೊದಲಿಂದಲೂ ಭತ್ತವಿದೆ, ಅಲ್ಲಿ ಅನ್ನ ಬಿಡಿ ಎನ್ನುವುದು ಸರಿಯಲ್ಲ. ಅನ್ನದ ಜೊತೆಗೆ ಕಾಳು, ಸೊಪ್ಪು ಎಷ್ಟು ಬಿತ್ತು ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ರೊಟ್ಟಿ ಕಡಿಮೆಯಾಗಲು ಇನ್ನೊಂದು ಕಾರಣವೂ ಇದೆ. ಬಡಿಯಲು ಬರುವುದಿಲ್ಲ ಎಂಬ ಸಂಕೋಚ. ಹೊರಗೆ ಓದಿ ಬಂದ ಹುಡುಗಿಯರಿಗೆ, ಬೇರೆ ಸೀಮೆಯಿಂದ ಬಂದ ಸೊಸೆಯಂದಿರಿಗೆ ಇಲ್ಲಿ ವಿಡಿಯೊ ದೊಡ್ಡ ಆಸರೆ. ತಪ್ಪಿದಾಗ ಯಾರೂ ನಗುವುದಿಲ್ಲ, ಹಿಂದಕ್ಕೆ ಸರಿಸಿ ಎಷ್ಟು ಸಲವಾದರೂ ನೋಡಬಹುದು. ಆದರೆ ಬಹಳಷ್ಟು ವಿಡಿಯೊಗಳು ಕೈ ತೋರಿಸುತ್ತವೆಯೇ ಹೊರತು ಕಾರಣ ಹೇಳುವುದಿಲ್ಲ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ನಾದಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ಅದಕ್ಕೇ ಎಸರು. ಕಳಕಳ ಕುದಿಯುವ ನೀರನ್ನು ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದಾಗ ಹಿಟ್ಟಿನ ಪಿಷ್ಟ ಬೆಂದು ಉಬ್ಬಿ ಜಿಗಿ ಬಿಡುತ್ತದೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಆ ಜಿಗಿಯೇ ಮಾಡುತ್ತದೆ. ಕೈಗೆ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ನಾದಿದ್ದನ್ನು ಆಗಿಂದಾಗಲೇ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಮೇಲುಗಡೆ ಒದ್ದೆ ಅರಿವೆಯಿಂದ ನೀರು ಸವರಿ, ಅದು ಪೂರಾ ಆರುವ ಮೊದಲು ತಿರುವಿ ಹಾಕಿದರೆ ರೊಟ್ಟಿ ಉಬ್ಬುತ್ತದೆ. ಒಂದು ಹನಿ ಎಣ್ಣೆ ಬೇಕಿಲ್ಲ. ಎಷ್ಟು ನಾದಿದರೂ ಬಿರಿಯುತ್ತಿದ್ದರೆ ತಪ್ಪು ಕೈಯದಲ್ಲ, ಹಿಟ್ಟಿನದಿರಬಹುದು. ಗಿರಣಿಯಲ್ಲಿ ಬೀಸಿಸಿ ಬಹಳ ದಿನವಾದ ಹಿಟ್ಟಿನ ಜಿಗಿ ಹೋಗಿರುತ್ತದೆ. ಜೋಳ ಯಾವುದು, ಮಾಲದಂಡಿಯೋ ಹೈಬ್ರಿಡ್ಡೋ ಎಂಬುದರ ಮೇಲೂ ರೊಟ್ಟಿಯ ಹದ ನಿಂತಿದೆ. ಇಷ್ಟಾದ ಮೇಲೂ ಹಿಟ್ಟಿನ ಹದ ಕೈಗೆ ತಿಳಿಯಬೇಕು, ಅದಕ್ಕೆ ಪಕ್ಕದ ಮನೆಯ ಮಾವಶಿಯನ್ನು ಒಂದು ದಿನ ಕರೆದು ಕೂರಿಸಿಕೊಳ್ಳುವುದೇ ಹಾದಿ.

ಫೋನಿನ ಅಡುಗೆ ನಮ್ಮ ಭೂಮಿಯವರೆಗೂ ಬಂದು ಮುಟ್ಟಿದ ಕಥೆ ಸಿರಿಧಾನ್ಯದ್ದು. ಮೈಸೂರಿನಲ್ಲಿ ನೆಲೆಸಿರುವ ಡಾ. ಖಾದರ್ ವಲಿ ಅವರ ಭಾಷಣಗಳ ವಿಡಿಯೊಗಳನ್ನು ನೋಡಿ ಕರ್ನಾಟಕದ ಅದೆಷ್ಟೋ ಮನೆಗಳು ನವಣೆ, ಸಾಮೆ, ಹಾರಕ, ಊದಲು, ಕೊರಲೆಯ ಕಡೆ ತಿರುಗಿದವು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ ಅದೇ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಮ್ಮ ಹಳ್ಳಿಗಳ ಹಿರಿಯರು ಬಾಲ್ಯದಲ್ಲಿ ಉಂಡಿದ್ದ ಸಾವಿ ಅನ್ನ, ನವಣಿ ಹುಗ್ಗಿ ಒಮ್ಮೆಲೇ ಪಟ್ಟಣದ ಅಂಗಡಿಗಳಲ್ಲಿ ಬೆಲೆಯುಳ್ಳ ಸರಕಾದವು.

ಸಾವಿ, ಅಂದರೆ ಸಾಮೆ, ನಮ್ಮ ಊಟದಿಂದ ಮರೆಯಾದದ್ದು ರುಚಿ ಸಾಲದೆಂದಲ್ಲ. ಕಾಳು ಸಣ್ಣದು, ಹೊಟ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬೀಸುಕಲ್ಲಿನಲ್ಲಿ ಒಡೆದು, ಒರಳಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ಒಂದು ಸೇರು ಅಕ್ಕಿ ಮಾಡುವಷ್ಟರಲ್ಲಿ ಹೆಣ್ಣುಮಕ್ಕಳ ತೋಳು ಬಿದ್ದುಹೋಗುತ್ತಿತ್ತು. ಹೊಲಕ್ಕೆ ಬಿಟಿ ಹತ್ತಿ, ಗೋವಿನಜೋಳ ಬಂದಾಗ ಸಾವಿ ಬಿಟ್ಟದ್ದಕ್ಕೆ ಅವರು ಅಳಲಿಲ್ಲ. ಇದನ್ನು ಯಾವ ರೀಲ್ಸೂ ಹೇಳುವುದಿಲ್ಲ. ಧಾನ್ಯ ತಾಟಿಗೆ ಮರಳಬೇಕಾದರೆ ಹೊಟ್ಟು ಬಿಡಿಸುವ ಯಂತ್ರ ಊರಿಗೆ ಬರಬೇಕು.

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಆ ಕೆಲಸ ನಡೆದಿದೆ. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ 2018ರಲ್ಲಿ ಹುಟ್ಟಿದ್ದು. ಸಹಜ ಸಮೃದ್ಧ ಸಂಸ್ಥೆಯ ಜೊತೆಗೂಡಿ ಸಾವಿಯಂಥ ದೇಸಿ ಬೀಜಗಳನ್ನು ಕಾಪಾಡಿ ರೈತರಿಗೆ ಹಂಚಿತು. ಸುತ್ತಲಿನ ಮಳೆಯಾಶ್ರಿತ ಹೊಲಗಳಲ್ಲಿ ಮಿಶ್ರಬೆಳೆಯಾಗಿ ಸಿರಿಧಾನ್ಯ ಬೆಳೆಸಿತು. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಸೆಲ್ಕೊ ಫೌಂಡೇಶನ್ ಮೊದಲಾದವರ ನೆರವಿನಿಂದ ಊರಿನಲ್ಲೇ ಸೌರ ವಿದ್ಯುತ್ತಿನ ಸಂಸ್ಕರಣಾ ಘಟಕ ನಿಂತಿತು. ಕಲ್ಲು-ಮಣ್ಣು ಬೇರ್ಪಡಿಸಿ, ಹೊಟ್ಟು ಬಿಡಿಸಿ, ಗಾಳಿಯಿಂದ ತೂರಿ, ಜರಡಿ ಹಿಡಿಯುವ ಕೆಲಸವೆಲ್ಲ ಯಂತ್ರದ ಪಾಲಿಗೆ ಹೋಯಿತು. ಯಂತ್ರ ನಡೆಸುವವರು, ಲೆಕ್ಕ ಇಡುವವರು ಆ ಹೆಣ್ಣುಮಕ್ಕಳೇ. ಬೀಬಿಜಾನ್ ಹಳೇಮನಿ ಅವರ ಮುಂದಾಳುತನದ ಈ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಆ ವರ್ಷ ಜಗತ್ತಿನಲ್ಲಿ ಹತ್ತು ಗುಂಪುಗಳಿಗೆ ಸಂದ, 10,000 ಡಾಲರ್ ಬಹುಮಾನದ ಗೌರವ ಅದು. ಸಿರಿಧಾನ್ಯದ ಅಡುಗೆ ವಿಡಿಯೊ ನೋಡಿ ಆಸೆಪಟ್ಟ ನಮ್ಮ ಧಾರವಾಡ ಜಿಲ್ಲೆಯವರು ದೂರದ ಕಂಪನಿಯ ಪೊಟ್ಟಣಕ್ಕೆ ಆರ್ಡರ್ ಹಾಕುವ ಮೊದಲು ತೀರ್ಥದ ಕಡೆ ಒಮ್ಮೆ ನೋಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಕೊಳ್ಳುವಾಗ ಒಂದು ಎಚ್ಚರ: ಮಲ್ಲಿಗೆಯಷ್ಟು ಬೆಳ್ಳಗಿರುವ ಸಾವಿ ಅಕ್ಕಿ ಎಂದರೆ ತೌಡು ಹೋಗಿದೆ ಎಂದೇ ಲೆಕ್ಕ. ನಾರು, ಸತ್ವ ಇರುವುದು ಆ ತೌಡಿನಲ್ಲೇ.

ಸಿರಿಧಾನ್ಯದ ವಿಡಿಯೊಗಳಲ್ಲೇ ಅಪಾಯದ ಮಾತೂ ಇದೆ. ಇದನ್ನುಂಡರೆ ಸಕ್ಕರೆ ಕಾಯಿಲೆ ವಾಸಿ, ಗುಳಿಗೆ ಬಿಡಿ ಎನ್ನುವವರು ಸಿಗುತ್ತಾರೆ. ನಾರು ಹೆಚ್ಚಿರುವ ಧಾನ್ಯ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ ಎಂಬಷ್ಟು ನಿಜ. ಸಾವಿಯಲ್ಲೂ ಪಿಷ್ಟವಿದೆ, ಎರಡು ತಾಟು ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಗುಳಿಗೆ ಕಡಿಮೆ ಮಾಡುವುದು ರಕ್ತ ಪರೀಕ್ಷೆ ನೋಡಿದ ವೈದ್ಯರ ಕೆಲಸ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ ಕುಡಿಯಿರಿ ಎನ್ನುವ ವಿಡಿಯೊಗಳದೂ ಇದೇ ಕಥೆ. ಕಹಿ ಸೋರೆಕಾಯಿಯಲ್ಲಿ ಕುಕರ್ಬಿಟಾಸಿನ್ ಎಂಬ ವಿಷವಿರುತ್ತದೆ. ಅದರ ರಸ ಕುಡಿದು ದೇಶದಲ್ಲಿ ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ತಜ್ಞರ ಸಮಿತಿ ಮಾಡಿ ಎಚ್ಚರಿಸಬೇಕಾಯಿತು. ತುಂಡು ನಾಲಿಗೆಗೆ ಮುಟ್ಟಿಸಿದಾಗ ಕಹಿಯಾದರೆ ಆ ಕಾಯಿಯನ್ನು ಎಸೆಯಬೇಕು, ಅಷ್ಟೇ.

ಆರೋಗ್ಯದ ಸಲಹೆ ಕೊಡುವವರು ತಮ್ಮ ಅರ್ಹತೆ ಹೇಳಬೇಕು, ಹಣ ಪಡೆದು ಹೇಳುವ ಮಾತಾದರೆ ಅದನ್ನೂ ಸ್ಪಷ್ಟಪಡಿಸಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಜಾಹೀರಾತು ಮಾನದಂಡಗಳ ಮಂಡಳಿಯೂ 2023ರಲ್ಲಿ ನಿಯಮ ಮಾಡಿವೆ. ಹೇಳುವವರು ಯಾರು, ಏನು ಮಾರುತ್ತಿದ್ದಾರೆ ಎಂದು ಕೇಳಿಕೊಳ್ಳುವ ರೂಢಿ ನಮ್ಮಲ್ಲೂ ಬರಬೇಕು. ಫೋನಿನಿಂದ ಒಳ್ಳೆಯದೂ ಆಗಿದೆ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್ಸಿಂಕಾ ಎಂಬ ಯುವಕ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ವಿಡಿಯೊ ಮಾಡಿದರು. ಕಂಪನಿಯ ನೋಟಿಸು ಬಂದು ಅದನ್ನು ತೆಗೆಯಬೇಕಾಯಿತು. ಆದರೆ ಮಾತು ಹಬ್ಬಿಯಾಗಿತ್ತು. ವರ್ಷ ಮುಗಿಯುವುದರೊಳಗೆ ಕಂಪನಿ ಸಕ್ಕರೆ ತಗ್ಗಿಸಿತು. 2024ರಲ್ಲಿ ಇಂಥ ಪುಡಿಗಳನ್ನು ‘ಆರೋಗ್ಯ ಪೇಯ’ದ ಪಟ್ಟಿಯಲ್ಲಿ ಮಾರಬೇಡಿ ಎಂದು ಕೇಂದ್ರ ಸರಕಾರ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದುವುದನ್ನು ಆ ಒಂದು ವಿಡಿಯೊ ಬಹಳ ಜನರಿಗೆ ಕಲಿಸಿತು.

ನಮ್ಮ ಅಡುಗೆಯನ್ನೇ ತಿದ್ದಿಕೊಳ್ಳಲು ಫೋನು ಎಲ್ಲಿ ಒದಗುತ್ತದೆ? ಎಣ್ಣೆಯಿಂದ ಶುರು ಮಾಡೋಣ. ದಿನಕ್ಕೆ 27 ಗ್ರಾಂ ಎಂದರೆ ಒಬ್ಬರಿಗೆ ಐದಾರು ಸಣ್ಣ ಚಮಚೆ. ಎಣಗಾಯಿಯ ವಿಡಿಯೊದಲ್ಲಿ ಮೇಲೆ ಎಣ್ಣೆ ತೇಲಿದರೇ ಚೆಂದ, ಕ್ಯಾಮೆರಾಕ್ಕೂ ಅದೇ ಇಷ್ಟ. ಅದೇ ಬದನೆಕಾಯಿಗೆ ಹುರಿದ ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆ ತುಂಬಿ, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುವ ವಿಧಾನ ತೋರಿಸುವವರೂ ಇದ್ದಾರೆ. ಶೇಂಗಾ, ಎಳ್ಳಿನಲ್ಲೇ ಎಣ್ಣೆ ಇರುವುದರಿಂದ ರುಚಿ ಕೆಡುವುದಿಲ್ಲ. ಉಪ್ಪಿನದು ಇನ್ನೂ ಕಠಿಣ ಮಾತು. ದಿನಕ್ಕೆ ಐದು ಗ್ರಾಂ ದಾಟಬಾರದು ಎನ್ನುತ್ತಾರೆ. ನಮ್ಮ ತಾಟಿನಲ್ಲಿ ಪಲ್ಲೆಗೆ ಉಪ್ಪು, ಹಿಂಡಿಗೆ ಉಪ್ಪು, ಕೆಂಪು ಖಾರಕ್ಕೆ ಉಪ್ಪು, ಉಪ್ಪಿನಕಾಯಿ, ಹಪ್ಪಳ. ರಕ್ತದೊತ್ತಡ ಇದ್ದವರ ಮನೆಯಲ್ಲಿ ಇವುಗಳಲ್ಲಿ ಎರಡನ್ನಾದರೂ ದಿನಬಿಟ್ಟು ದಿನ ಮಾಡಬೇಕು.

ಎಲ್ಲಕ್ಕಿಂತ ನನಗೆ ತಟ್ಟುವುದು ಹೆಣ್ಣುಮಕ್ಕಳ ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ‘ಕಬ್ಬಿಣದ ಅಂಶವುಳ್ಳ ಸೊಪ್ಪು’ ಎಂಬ ವಿಡಿಯೊಗಳಿಗೆ ಬರವಿಲ್ಲ. ಆದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ, ಜೊತೆಗೆ ಸಿ ಜೀವಸತ್ವ ಬೇಕು. ಪಲ್ಲೆಯ ಮೇಲೆ ನಿಂಬೆಹಣ್ಣು ಹಿಂಡುವುದು, ಮೊಳಕೆ ಬರಿಸಿದ ಮಡಕಿಕಾಳಿಗೆ ಹಸಿ ಟೊಮೆಟೊ, ಕೊತಂಬರಿ ಬೆರೆಸಿ ಪಚಡಿ ಮಾಡುವುದು, ಊಟದ ಕೊನೆಗೆ ಒಂದು ಪೇರಲಹಣ್ಣು, ಇಷ್ಟು ಮಾಡಿದರೂ ವ್ಯತ್ಯಾಸವಾಗುತ್ತದೆ. ಕಾಳಿಗೆ ಮೊಳಕೆ ಬರಿಸಿದಾಗ ಕಬ್ಬಿಣವನ್ನು ಹಿಡಿದಿಡುವ ಫೈಟಿಕ್ ಆಮ್ಲವೂ ತಗ್ಗುತ್ತದೆ. ಕೆಡಿಸುವುದು ಚಹಾ. ಉಂಡ ಕೂಡಲೇ ಕುಡಿದ ಚಹಾದಲ್ಲಿನ ಟ್ಯಾನಿನ್ ಊಟದ ಕಬ್ಬಿಣವನ್ನು ತಡೆಯುತ್ತದೆ. ನಮ್ಮ ಕಡೆ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಮುಗಿಸಿ ಕಡೆಗೆ ಉಣ್ಣುವ ಹೆಣ್ಣುಮಗಳು ಎಷ್ಟೋ ಸಲ ಉಳಿದ ಅರ್ಧ ರೊಟ್ಟಿ ತಿಂದು, ಅದರ ಮೇಲೆ ಚಹಾ ಕುಡಿದು ಮತ್ತೆ ಕೆಲಸಕ್ಕೆ ಏಳುತ್ತಾಳೆ. ಅಡುಗೆ ಎಷ್ಟು ಆರೋಗ್ಯಕರವಾಗಿದ್ದರೂ ಪಲ್ಲೆಯ ಪಾತ್ರೆ ಆಕೆಯ ಸರದಿ ಬರುವಾಗ ಖಾಲಿಯಾಗಿದ್ದರೆ ಆ ವಿಡಿಯೊ ನೋಡಿ ಏನು ಬಂತು? ಚಹಾವನ್ನು ಊಟದಿಂದ ಒಂದು ತಾಸು ದೂರ ಇಡುವುದಕ್ಕೆ, ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ಇನ್ನು ಫೋನಿನಿಂದ ತೆಗೆದುಕೊಂಡವರು ಫೋನಿಗೆ ಕೊಡಬೇಕಾದದ್ದೂ ಇದೆ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ‘ಅಣ್ಣಿಗೇರಿ-1’ ಕಡಲೆ ತಳಿ ಊರಿನ ಹೆಸರನ್ನು ದೂರದ ರೈತರಿಗೂ ಮುಟ್ಟಿಸಿತು. ಅದೇ ಕಡಲೆಯ ಒಣ ತಪ್ಪಲಿನ ಅಡುಗೆ ಮಾತ್ರ ನಮ್ಮ ಸೀಮೆ ದಾಟಲಿಲ್ಲ. ಎರಿ ಹೊಲದ ಅಂಚಿನಲ್ಲಿ ಹಿಂದೆ ಸಾಲುಸಾಲು ಕುಸುಬಿ ಇರುತ್ತಿತ್ತು. ಕುಸುಬಿ ನೆನೆಸಿ, ರುಬ್ಬಿ, ಅರಿವೆಯಲ್ಲಿ ಸೋಸಿ ತೆಗೆದ ಹಾಲಿನಲ್ಲಿ ಗೋಧಿ ಬೇಯಿಸಿ ಬೆಲ್ಲ ಹಾಕಿದರೆ ಕುಸುಬಿ ಹುಗ್ಗಿ. ಬಾದಾಮಿ ಹಾಲು, ಓಟ್ಸ್ ಹಾಲು ಎಂದು ಪೇಟೆಯಲ್ಲಿ ಇಂದು ದುಬಾರಿಗೆ ಮಾರುವ ಪದಾರ್ಥದ ಜಾತಿಯದೇ ಅದು. ಮಾಡಬಲ್ಲವರು ಹೆಚ್ಚಾಗಿ ಹಿರಿಯ ಹೆಣ್ಣುಮಕ್ಕಳು, ವಿಡಿಯೊ ಮಾಡಬಲ್ಲವರು ಅವರ ಮೊಮ್ಮಕ್ಕಳು. ಎಳ್ಳ ಅಮವಾಸ್ಯೆಯಂದು ಹೊಲದಲ್ಲಿ ಚೆಲ್ಲುವ ಚರಗಕ್ಕೆ ಊರೂರಿನ ಮನೆಗಳಲ್ಲಿ ಸಜ್ಜಿ ಕಡಬು, ಪುಂಡಿಪಲ್ಲೆ, ಎಣಗಾಯಿ, ಕಟಕ ರೊಟ್ಟಿ ಆಗುವಾಗ ಇಬ್ಬರೂ ಒಂದೇ ಒಲೆಯ ಮುಂದಿರುತ್ತಾರೆ. ಆಗ ಫೋನು ಹಿಡಿದವರು ಅಜ್ಜಿಯ ಒಂದು ಹಿಡಿ, ಒಂದು ಬೊಗಸೆಯನ್ನು ತಕ್ಕಡಿಗೆ ಹಾಕಿ ಗ್ರಾಮಿನಲ್ಲಿ ಬರೆದುಕೊಳ್ಳಲಿ. ತಪ್ಪಲು ಯಾವ ತಿಂಗಳಲ್ಲಿ ಸಿಗುತ್ತದೆ, ಯಾವ ಊರಿನ ಕಡೆ ಹೀಗೆ ಮಾಡುತ್ತಾರೆ, ಎಣ್ಣೆ ಎಷ್ಟು ಬಿತ್ತು, ಎಷ್ಟು ಜನರಿಗೆ ಸಾಕಾಯಿತು ಎಂಬುದನ್ನೂ ಹೇಳಲಿ. ಕುಸುಬಿ ನೀರಿನಲ್ಲಿ ಎಷ್ಟು ಹೊತ್ತು ನೆನೆಯಬೇಕು, ಹಾಲು ಒಡೆಯದಂತೆ ಉರಿ ಎಷ್ಟಿರಬೇಕು ಎಂದು ಬಿಡಿಸಿ ಕೇಳಲಿ.